ಹಿಂದಿನ ಸೀಟಿನ ದನಿ

“ಕೂಕಂಡೆ. ಹೊರ್ಡಿ.”

ಹೆಣ್ಣು ದನಿ. ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರ. ಕುಂದಾಪ್ರ ಕನ್ನಡ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ‘ಕುಳಿತಾಯಿತು, ಹೊರಡಿ’ ಎಂದರ್ಥ. ಬೈಕಿನ ಹಿಂದೆ ಹತ್ತಿ ಕುಳಿತವರು ಮುಂದಿದ್ದವರಿಗೆ ಹೇಳುವ ಮಾತು.

ತೊಂದರೆ ಏನೆಂದರೆ, ನಾನು ಹೊರಟು ಬಹಳ ಹೊತ್ತಾಗಿತ್ತು. ವಂಡ್ಸೆ ದಾಟಿ ಜಡ್ಕಲ್ ಕಡೆಗೆ ಐವತ್ತರ ವೇಗದಲ್ಲಿ ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ.

ಭಾನುವಾರದ ಬೆಳಗು. ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ಹೆದರುವುದಕ್ಕೆ ಬೇಕಾದ ಯಾವ ಅನುಕೂಲವೂ ಅಲ್ಲಿರಲಿಲ್ಲ. ಆದರೂ ಹೆದರಿದೆ.

ನನ್ನ ಬೈಕಿನ ಸಮಾಚಾರ ಈ ಅಂಕಣ ಓದುವವರಿಗೆ ಗೊತ್ತು. ಐವತ್ತು ಹತ್ತಿರ ಬಂದ ಹೆಂಗಸು ಬೈಕ್ ಕೊಂಡರೆ ಬ್ರಹ್ಮಾವರದಂಥ ಊರಿನಲ್ಲಿ ಏನಾಗಬೇಕೋ ಅದೆಲ್ಲ ಆಗಿ ಮುಗಿದಿದೆ. ರೈಡಿಂಗ್ ಜಾಕೆಟ್, ಮಂಡಿಗೆ ಗಾರ್ಡ್, ಕೈಗೆ ಗ್ಲೌಸ್ ಹಾಕಿಕೊಂಡು ಮೊದಲ ಸಲ ಹೊರಟಾಗ ನಮ್ಮ ತರಕಾರಿ ಅಂಗಡಿಯವರು, “ಹ್ವಾಯ್ ಅಕ್ಕ, ಯುದ್ಧಕ್ಕ್ ಹೊರ್ಟದ್ದಾ?” ಎಂದು ಕೇಳಿದ್ದರು. ಈಗ ಕೇಳುವುದಿಲ್ಲ. ಅಭ್ಯಾಸವಾಗಿದೆ, ಅವರಿಗೂ ನನಗೂ.

ಭಾನುವಾರ ನನ್ನದೊಂದು ಸುತ್ತು ಇದೆ. ಕುಂದಾಪುರ, ಹೆಮ್ಮಾಡಿಯಲ್ಲಿ ಬಲಕ್ಕೆ, ವಂಡ್ಸೆ, ಕೊಲ್ಲೂರು, ಅಲ್ಲಿಂದ ಇಳಿದು ಬೈಂದೂರು, ಮರವಂತೆಯ ಕಡಲು ನೋಡಿಕೊಂಡು ಮನೆ. ಲಡಾಖಿಗೆ ಹೋಗಿಬಂದವರು ಇದನ್ನು ಲಾಂಗ್ ರೈಡ್ ಎನ್ನಲಿಕ್ಕಿಲ್ಲ. (ಅವರು ನನ್ನ ಸೊಂಟವನ್ನು ಕೇಳಬೇಕು.)

ಆ ವಾರ ಹೆಲ್ಮೆಟ್ಟಿಗೆ ಹೊಸದೊಂದು ಸೇರಿತ್ತು. ಇಂಟರ್‌ಕಾಂ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಹೆಲ್ಮೆಟ್ಟಿನ ಎಡಗಡೆ ಅಂಟಿಕೊಳ್ಳುತ್ತದೆ. ಒಳಗೆ ಎರಡು ಸ್ಪೀಕರ್, ಒಂದು ಮೈಕ್. ಹಾಡು ಕೇಳಬಹುದು, ಫೋನ್ ತೆಗೆದುಕೊಳ್ಳಬಹುದು, ಇಂಥದೇ ಡಬ್ಬಿ ಇರುವ ಇನ್ನೊಬ್ಬರ ಜೊತೆ ಮಾತಾಡಬಹುದು. ನನ್ನದು ಸೆಕೆಂಡ್ ಹ್ಯಾಂಡ್. ಕುಂದಾಪುರದಲ್ಲಿ ಬೈಕ್ ಸಾಮಾನಿನ ಅಂಗಡಿ ಇಟ್ಟಿರುವ ಗಣೇಶ ಕೂರಿಸಿ ಕೊಟ್ಟಿದ್ದ.

ಆ ಡಬ್ಬಿಯೊಳಗಿಂದ ‘ಟುಣ್’ ಎಂದು ಸದ್ದಾಗಿ, ‘ಕನೆಕ್ಟೆಡ್’ ಎಂದು ಅದರ ಯಂತ್ರದ ಹುಡುಗಿ ಹೇಳಿ, ಆಮೇಲೆ ಬಂದದ್ದು ಈ ದನಿ. ಕೂಕಂಡೆ, ಹೊರ್ಡಿ.

ಬೈಕನ್ನು ಬದಿಗೆ ತೆಗೆದು ಎಂಜಿನ್ ನಿಲ್ಲಿಸಿದೆ. ಎರಡೂ ಕಡೆ ರಬ್ಬರ್ ತೋಟ. ಎಲ್ಲ ಮರಕ್ಕೂ ಒಂದೇ ಎತ್ತರದಲ್ಲಿ ಕಟ್ಟಿದ ಪ್ಲಾಸ್ಟಿಕ್, ಒಂದೇ ಕಡೆ ಮುಖ ಮಾಡಿ ನಿಂತ ಸಾಲು. ಒಂದು ಹಕ್ಕಿಯ ಸದ್ದೂ ಇಲ್ಲ.

“ಮುಂದೆ ಮೋರಿ ಇತ್ತ್. ನಿಧಾನ. ಹೋದ್ಸಲ ಎತ್ತಿ ಹಾಕಿ ನನ್ನ್ ಸೊಂಟ ಹೋಯಿತ್ತ್.”

ಸ್ವಲ್ಪ ಹೊತ್ತು ಮೌನ. ಉತ್ತರ ಕೇಳಿಸಿಕೊಳ್ಳುವವರ ಮೌನ. ಆಮೇಲೆ ಸಣ್ಣ ನಗು.

“ನಿಮ್ಗ್ ಎಂತ ಹೇಳುಕೂ ಆತಿಲ್ಲೆ.”

ನಾನೊಂದು ‘ಹಲೋ’ ಅನ್ನಬಹುದಿತ್ತು. ಯಾಕೆ ಅನ್ನಲಿಲ್ಲ? ಉತ್ತರ ಬಂದರೆ ಏನು ಮಾಡುವುದು ಎಂದು. ಬೈಕ್ ಚಾಲೂ ಮಾಡಿ ಹೊರಟೆ. ಮುಂದೆ ನಿಜಕ್ಕೂ ಒಂದು ಮೋರಿ ಇತ್ತು, ಅದರ ಮೇಲೆ ರಸ್ತೆ ಕುಸಿದಿತ್ತು. ನಿಧಾನ ಮಾಡಿದೆ. ಮಾಡದೆ ಇರಲಾಗಲಿಲ್ಲ. ಅದಾದ ಮೇಲೆ ಗರಗರ ಸದ್ದು, ಇನ್ನೊಂದು ‘ಟುಣ್’. ದನಿ ಹೋಯಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ನಿನ್ನ್ ತಲೀ ಒಳ್ಗ್ ಯಾರಾರೂ ಮಾತಾಡುದ್ ಹೊಸ್ತಾ?” ಎಂದರು.

ಗಣೇಶನಿಗೆ ಫೋನ್ ಮಾಡಿದೆ. ಅವನು ನಕ್ಕ. “ಅದ್ ಭೂತ ಅಲ್ಲ ಅಕ್ಕ. ಮೊದ್ಲ್ ಇದ್ದವ್ರ್ ಬೇರೆ ಡಬ್ಬಿಗ್ ಜೋಡಿ ಮಾಡಿ ಇಟ್ಟಿರ್. ಆ ಜೋಡಿ ಹತ್ರ ಬಂದ್ರೆ ತನ್ನಷ್ಟಕ್ಕೇ ಕನೆಕ್ಟ್ ಆತ್ತ್. ಒಂದ್ ಕಿಲೋಮೀಟರ್ ಒಳ್ಗ್ ಇದ್ರೆ ಸೈ. ಬಟನ್ ಸ್ವಲ್ಪ ಹೊತ್ತ್ ಒತ್ತಿ ಹಿಡೀನಿ, ಹಳೇದೆಲ್ಲ ಅಳ್ಸಿ ಹೋತ್ತ್.”

ಸಮಾಧಾನವಾಯಿತು. ತಂತ್ರಜ್ಞಾನ. ಅಷ್ಟೇ. ಬಟನ್ ಒತ್ತಲು ಹೆಲ್ಮೆಟ್ ಎತ್ತಿಕೊಂಡೆ. ಎತ್ತಿಕೊಂಡು ಹಾಗೆಯೇ ಕುಳಿತೆ. ‘ನಿಮ್ಗ್ ಎಂತ ಹೇಳುಕೂ ಆತಿಲ್ಲೆ’ ಎಂದು ನಕ್ಕವಳು ಯಾರ ಉತ್ತರಕ್ಕೆ ನಕ್ಕಿದ್ದು? ಈ ಕಡೆ ಇದ್ದದ್ದು ನಾನೊಬ್ಬಳೇ. ನಾನು ತುಟಿ ಬಿಚ್ಚಿರಲಿಲ್ಲ.

ಬಟನ್ ಒತ್ತಲಿಲ್ಲ.

ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹೋದೆ. ಬೇರೆ ದಾರಿ ಹಿಡಿಯಬಹುದಿತ್ತು ಅಂತೀರಾ? ಸಿದ್ದಾಪುರಕ್ಕೆ ಹೋಗಬಹುದಿತ್ತು. ಹಂಗಾರಕಟ್ಟೆಗೆ ಹೋಗಿ ದೋಣಿ ನೋಡಬಹುದಿತ್ತು. ನೀವಾಗಿದ್ದರೆ ಹೋಗುತ್ತಿದ್ದಿರಾ?

ರಬ್ಬರ್ ತೋಟ ಶುರುವಾಗುವಲ್ಲಿ ‘ಟುಣ್’ ಎಂದಿತು.

“ಇವತ್ತ್ ಬೇಗ ಬಂದ್ರಿ.”

ತಿರುಗಿ ಹಿಂದಿನ ಸೀಟು ನೋಡಿದೆ. ಖಾಲಿ.

“ಗಾಡಿ ಸದ್ದ್ ಬದ್ಲಾಯಿತ್ತಲೆ. ಸರ್ವಿಸ್ ಮಾಡ್ಸಿರಿಯಾ?”

ನನ್ನ ಎಂಜಿನ್ ಸದ್ದು ಅವಳಿಗೆ ಕೇಳುತ್ತಿದೆ. ಮೈಕ್ ಇದೆಯಲ್ಲ. ಉಸಿರೂ ಕೇಳುತ್ತಿರಬೇಕು. ಉಸಿರು ಬಿಗಿಹಿಡಿದು, ದನಿ ಎಲ್ಲಿ ಹೆಚ್ಚು ಸ್ಪಷ್ಟವಾಗುತ್ತದೋ ಆ ಕಡೆಗೆ ನಿಧಾನಕ್ಕೆ ಬೈಕ್ ಬಿಟ್ಟೆ. ಒಂದು ತಿರುವು. ರಸ್ತೆಯಿಂದ ತುಸು ಒಳಗೆ ಹಂಚಿನ ಸಣ್ಣ ಮನೆ, ಕಬ್ಬಿಣದ ಗೇಟು. ಅಲ್ಲಿ ದನಿ ಎಷ್ಟು ನಿಚ್ಚಳವಾಯಿತೆಂದರೆ ಅವಳು ಎಂಜಲು ನುಂಗಿದ್ದೂ ಕೇಳಿಸಿತು.

ಇಳಿದು ಗೇಟಿನ ಹತ್ತಿರ ಹೋದೆ.

ಜಗಲಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳು, ಒಂದರ ಹಿಂದೆ ಒಂದು. ಮುಂದಿನದು ಖಾಲಿ. ಹಿಂದಿನದರಲ್ಲಿ ಸೀರೆ ಉಟ್ಟ ಹೆಂಗಸು ಕಾಲೆರಡನ್ನೂ ಒಂದೇ ಬದಿಗೆ ಹಾಕಿ ಕುಳಿತಿದ್ದರು. ತಲೆಯಲ್ಲಿ ಮುಖ ತೆರೆದ ಹೆಲ್ಮೆಟ್. ಕಣ್ಣು ಮುಚ್ಚಿತ್ತು. ಎಡಗೈ ಮುಂದಿನ ಕುರ್ಚಿಯ ಬೆನ್ನಿನ ಮೇಲಿತ್ತು, ಭುಜ ಹಿಡಿದುಕೊಂಡ ಹಾಗೆ. ಅಂಗಳದಲ್ಲಿ ಒಗೆದ ಬಟ್ಟೆ ಒಣಗುತ್ತಿತ್ತು. ಒಂದು ಬೆಕ್ಕು ಬಿಸಿಲು ಕಾಯಿಸುತ್ತಿತ್ತು. ಮಿಕ್ಕಿದ್ದೆಲ್ಲ ಇಷ್ಟು ಮಾಮೂಲಾಗಿದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ಅವರು ಕಣ್ಣು ಬಿಟ್ಟರು. ಗೇಟಿನ ಹತ್ತಿರ ಕಪ್ಪು ಜಾಕೆಟ್, ಮುಖ ಮುಚ್ಚಿದ ಹೆಲ್ಮೆಟ್. ಆ ಕ್ಷಣ ಅವರಿಗೆ ನಾನು ಹೇಗೆ ಕಂಡಿರಬಹುದು ಎಂದು ನನಗೆ ಹೊಳೆದದ್ದು ತಡವಾಗಿ.

“ಬಂದ್ರಿಯಾ?” ಎಂದರು.

ನನ್ನ ಕಿವಿಯೊಳಗೆ ಒಮ್ಮೆ. ಜಗಲಿಯಿಂದ ಇನ್ನೊಮ್ಮೆ.

ಗಡಬಡಿಸಿ ಹೆಲ್ಮೆಟ್ ತೆಗೆದೆ. ಕೂದಲು ಹರಡಿತು. ಅವರು ನೋಡಿದರು. ಆ ಮುಖದಲ್ಲಿ ಉರಿಯುತ್ತಿದ್ದದ್ದೇನೋ ಮೆಲ್ಲಗೆ ಆರಿದ್ದನ್ನು ನಾನು ಅಷ್ಟು ದೂರದಿಂದಲೂ ಕಂಡೆ.

“ಓ. ಹೆಣ್ಣ್,” ಎಂದರು. ಆಮೇಲೆ, “ಬನ್ನಿ, ಕೂಕಣಿ. ನೀರ್ ಕುಡೀನಿ.”

ಬೆಲ್ಲ, ನೀರು ಕೊಟ್ಟರು. ನಾನು ಖಾಲಿ ಕುರ್ಚಿಯಲ್ಲಿ ಕೂರಲಿಲ್ಲ. ಜಗಲಿಯ ಅಂಚಿನಲ್ಲಿ ಕುಳಿತೆ.

ಅವರ ಹೆಸರು ಸರೋಜಕ್ಕ. ವಂಡ್ಸೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇದೆ, ಭಾನುವಾರ ರಜೆ. ಗಂಡ ಶೀನಣ್ಣ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ವಾರವಿಡೀ ಬಸ್ ತುಂಬ ಜನ, ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಭಾನುವಾರ ಬೈಕ್ ತೆಗೆದು ಹೆಂಡತಿಯನ್ನು ಕೂರಿಸಿಕೊಂಡು ಕೊಲ್ಲೂರು. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲವೆಂದು ಜೋಡಿ ಇಂಟರ್‌ಕಾಂ ತಂದವರೂ ಅವರೇ.

“ಮನೇಲಿ ಮಾತೇ ಇಲ್ಲೆ ಮಾರಾಯ್ರೆ,” ಎಂದರು ಸರೋಜಕ್ಕ. “ಅವ್ರ್ ಮಾತಾಡೂದೆಲ್ಲ ಆ ಡಬ್ಬಿಯೊಳ್ಗೇ.”

ಕಳೆದ ಮಳೆಗಾಲದಲ್ಲಿ ಶೀನಣ್ಣ ನಡುದಾರಿಯಲ್ಲಿ ಬಸ್ಸನ್ನು ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗ್ ಮೇಲೆ ತಲೆ ಇಟ್ಟರು. ಮತ್ತೆ ಎತ್ತಲಿಲ್ಲ. ಬಸ್ಸಿನಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ಅಂಗಳದಲ್ಲಿ ಬೈಕ್ ನೋಡಿದರೆ ಊಟ ಸೇರುವುದಿಲ್ಲವೆಂದು ಸರೋಜಕ್ಕ ಮುಂಬೈಯಲ್ಲಿರುವ ಮೈದುನನಿಗೆ ಕೊಂಡುಹೋಗಲು ಹೇಳಿದರು. ಬೈಕಿನ ಜೊತೆ ಶೀನಣ್ಣನ ಹೆಲ್ಮೆಟ್ಟೂ ಡಬ್ಬಿಯೂ ಹೋದವು. ಎಲ್ಲವೂ ಮುಂಬೈ ಸೇರಿದೆ ಎಂದೇ ಅವರು ತಿಳಿದಿದ್ದರು; ಡಬ್ಬಿ ಕುಂದಾಪುರದಲ್ಲೇ ಗಣೇಶನ ಅಂಗಡಿಗೆ ಬಿದ್ದದ್ದು ಗೊತ್ತಿರಲಿಲ್ಲ.

“ಇದೊಂದ್ ನನ್ನ್ ಹತ್ರ ಉಳೀತ್. ಪ್ರತಿ ಭಾನುವಾರ ಚಾರ್ಜ್ ಮಾಡಿ ಹಾಯ್ಕಂತೆ. ಹುಚ್ಚ್ ಅಂದೇಳಿ ನಂಗೂ ಗೊತ್ತಿತ್ತ್. ಆರೆ ಹೋದ್ ವಾರ ಟುಣ್ ಅಂತ್ ಕಾಣಿ.” ಅವರು ಹೆಲ್ಮೆಟ್ಟಿಗೆ ಅಂಟಿದ್ದ ತಮ್ಮ ಡಬ್ಬಿ ಮುಟ್ಟಿಕೊಂಡರು. “ನಾನ್ ಕಿರ್ಚಲಿಲ್ಲೆ. ಕಿರ್ಚಿರೆ ಅವ್ರ್ ಹೋಯ್ಬಿಡ್ತ್ರ್ ಅಂದೇಳಿ ಕಂಡ್ತ್. ಯಾವಾಗ್ಳೂ ಹೇಳುದನ್ನೇ ಹೇಳ್ದೆ.”

ಒಂದೇ ರಸ್ತೆಯಲ್ಲಿ ನಾವಿಬ್ಬರು ಹೆಂಗಸರು, ಒಬ್ಬರಿಗೊಬ್ಬರು ಭೂತವಾಗಿದ್ದೆವು.

ಡಬ್ಬಿಯನ್ನು ಬಿಚ್ಚಿ ಅವರ ಮುಂದಿಟ್ಟೆ. ಇದು ನಿಮ್ಮದು, ಇಟ್ಟುಕೊಳ್ಳಿ ಎಂದೆ. ಅವರು ಮುಟ್ಟಲಿಲ್ಲ.

“ಎರ್ಡೂ ಇಲ್ಲೇ ಇದ್ರೆ ನಾನ್ ಯಾರ್ ಹತ್ರ ಮಾತಾಡುದ್?”

ಡಬ್ಬಿಯನ್ನು ಮತ್ತೆ ನನ್ನ ಹೆಲ್ಮೆಟ್ಟಿಗೆ ಸಿಕ್ಕಿಸಿಕೊಂಡೆ. ಅವರ ಪ್ರಶ್ನೆಗೆ ಉತ್ತರ ಇದ್ದವರು ಬರೆದು ತಿಳಿಸಿ.

ಹೊರಡುವಾಗ ಕೇಳಿದರು. “ತಪ್ಪ್ ತಿಳ್ಕಂಬೇಡಿ. ನನ್ನನ್ನ್ ಒಂದ್ಸಲ ಕೊಲ್ಲೂರಿಗ್ ಕರ್ಕಂಡ್ ಹೋತ್ರಿಯಾ? ಬಸ್ಸಲ್ಲಲ್ಲ. ಹಿಂದ್ ಕೂಕಂಡ್.”

ಮೊನ್ನೆ ಭಾನುವಾರ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಸೀರೆ, ತಲೆಗೆ ಅದೇ ಮುಖ ತೆರೆದ ಹೆಲ್ಮೆಟ್. ಒಂದೇ ಬದಿಗೆ ಕಾಲು ಹಾಕಿ ಹತ್ತಿದರು. ಎಡಗೈ ನನ್ನ ಭುಜದ ಮೇಲೆ ಬಂತು.

“ಕೂಕಂಡೆ. ಹೊರ್ಡಿ.”

ಈ ಸಲ ಹಿಂದೆ ನಿಜವಾಗಿ ಭಾರ ಇತ್ತು. ಆದರೂ ಒಮ್ಮೆ ತಿರುಗಿ ನೋಡಿಕೊಂಡೆ.

ದಾರಿಯುದ್ದಕ್ಕೂ ಮಾತು. ಯಾರದೋ ಮನೆಯ ಛಾವಣಿಗೆ ಹೊಸ ಶೀಟು ಬಂದದ್ದು, ಯಾವುದೋ ಸೇತುವೆ ಹತ್ತಿರ ಮೊದಲು ಒಳ್ಳೆ ಗೋಳಿಬಜೆ ಸಿಗುತ್ತಿದ್ದದ್ದು. ನಾನು ಮಧ್ಯೆ ಮಧ್ಯೆ ‘ಹೌದಾ’ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ನನ್ನ ‘ಹೌದಾ’ ಅವರ ಮಾತಿಗೆ ಅಡ್ಡ ಬರುತ್ತಿದೆ. ಉತ್ತರಕ್ಕೆಂದು ಅವರು ಮಾತು ನಿಲ್ಲಿಸುತ್ತಿದ್ದ ಜಾಗವೇ ಬೇರೆ. ನಾನು ಸುಮ್ಮನಾದೆ. ಆಗ ಮಾತು ಸಲೀಸಾಗಿ ಹರಿಯಿತು.

ಹಾಲ್ಕಲ್ ಹತ್ತಿರ ಬರುವಾಗ ‘ಬ್ಯಾಟರಿ ಲೋ’ ಎಂದಳು ಯಂತ್ರದ ಹುಡುಗಿ. ಹಿಂದಿನ ದಿನ ಚಾರ್ಜಿಗೆ ಹಾಕಿದ್ದೆ, ಸ್ವಿಚ್ ಒತ್ತಲು ಮರೆತಿದ್ದೆ. (ಗಂಡನ ಮುಂದೆ ಇದನ್ನು ಓದಬೇಡಿ.) ಕಾಡು ಶುರುವಾಗುವಷ್ಟರಲ್ಲಿ ಡಬ್ಬಿ ಸತ್ತಿತು. ಕಿವಿಯಲ್ಲಿ ಬರೀ ಗಾಳಿ. ಪಾಪ, ಅವರ ಮಾತೂ ಕಡಿದುಹೋಯಿತಲ್ಲ, ನಿಲ್ಲಿಸಿ ಹೇಳೋಣವೆಂದು ಕನ್ನಡಿ ನೋಡಿದೆ.

ಅವರು ಮಾತಾಡುತ್ತಿದ್ದರು.

ಗಾಳಿಗೆ ನನಗೇನೂ ಕೇಳುತ್ತಿರಲಿಲ್ಲ. ತುಟಿ ಅಲುಗುವುದು ಮಾತ್ರ ಕನ್ನಡಿಯಲ್ಲಿ ಕಾಣುತ್ತಿತ್ತು. ಅಲುಗಿ, ನಿಂತಿತು. ತಲೆ ಒಂದು ಬದಿಗೆ ವಾಲಿತು, ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ. ಹೌದೆಂದು ತಲೆಯಾಡಿಸಿದರು. ಮತ್ತೆ ಕೇಳಿಸಿಕೊಂಡರು, ಬಹಳ ಹೊತ್ತು. ಆಮೇಲೆ ಬಾಯಿ ತುಂಬ ನಕ್ಕರು. ಬಿಸಿಲು ಮರಗಳ ಸಂದಿಯಿಂದ ಅವರ ಮುಖದ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ನನ್ನ ಭುಜದ ಮೇಲಿನ ಕೈ ಒಮ್ಮೆ ಮೆಲ್ಲಗೆ ತಟ್ಟಿತು. ನನ್ನನ್ನಲ್ಲ.

ನಾನು ನಿಲ್ಲಿಸಲಿಲ್ಲ. ಮತ್ತೆ ಕನ್ನಡಿಯನ್ನೂ ನೋಡಲಿಲ್ಲ.

ಕೊಲ್ಲೂರಿನಲ್ಲಿ ಇಳಿದು ಸೀರೆಯ ನೆರಿಗೆ ಸರಿಮಾಡಿಕೊಂಡರು. ಮುಖ ಹಗುರಾಗಿತ್ತು. ಹೆಲ್ಮೆಟ್ ನನ್ನ ಕೈಗೆ ಕೊಟ್ಟು ಹೇಳಿದರು:

“ಹಾಲ್ಕಲ್ ದಾಟ್ದ್ ಮೇಲೆ ಲಾಯ್ಕ್ ಕೇಂತ್ ಕಾಣಿ. ಗಾಳಿ ಸದ್ದೂ ಇಲ್ಲೆ, ಎಂತದೂ ಇಲ್ಲೆ.”

ಅಷ್ಟು ಚೆನ್ನಾಗಿ ಕೇಳಿಸಿದ್ದು ಯಾರ ಮಾತು ಎಂದು ಕೇಳಬಹುದಿತ್ತು. ನನ್ನ ಡಬ್ಬಿ ಆಗಲೇ ಸತ್ತಿತ್ತು ಎಂದು ಹೇಳಬಹುದಿತ್ತು. “ಹೌದು,” ಎಂದೆ. ಅವರು ದೇವಸ್ಥಾನದ ಕಡೆಗೆ ನಡೆದರು. ನಾನು ಪಾರ್ಕಿಂಗಿನಲ್ಲಿ ನಿಂತು ನನ್ನ ಡಬ್ಬಿಯ ಬಟನ್ ಒತ್ತಿ ನೋಡಿದೆ. ದೀಪ ಹತ್ತಲಿಲ್ಲ.

ಹ್ಯಾಂಡಲ್ ನಮ್ಮ ಕೈಯಲ್ಲಿರುವುದರಿಂದ ರೈಡ್ ನಮ್ಮದು ಎಂದುಕೊಳ್ಳುತ್ತೇವೆ. ಎಂಜಿನ್ ಸದ್ದು ಕೇಳುತ್ತೇವೆ, ಚೈನ್ ಸದ್ದು ಕೇಳುತ್ತೇವೆ. ಬೆನ್ನ ಹಿಂದಿನ ಮಾತಿಗೆ ಒಂದು ‘ಹ್ಞೂಂ’ ಸೇರಿಸಿ, ಮಾತುಕತೆ ಆಯಿತು ಎಂದುಕೊಳ್ಳುತ್ತೇವೆ.

ನಿಮ್ಮ ಬೈಕಿನ ಹಿಂದೆ ಕುಳಿತವರು ಇಷ್ಟು ವರ್ಷ ಮಾತಾಡುತ್ತ ಬಂದಿರುವುದು ನಿಮ್ಮ ಜೊತೆಗೇ ಎಂದು ನಿಮಗೆ ಖಾತ್ರಿಯಿದೆಯೇ?