ಹವಲ್ದಾರನಿಗೆ ಇಟ್ಟ ಎಡೆ

ಯಶೋದ ಬಂಡಳ್ಳಿಯ ಹುಡುಗಿ. ಕೊಳ್ಳೇಗಾಲದ ನಮ್ಮ ಬೀದಿಗೆ ಸೊಸೆಯಾಗಿ ಬಂದದ್ದು ತೊಂಬತ್ತೊಂದರಲ್ಲಿ. ಪಿಯುಸಿ ಪಾಸು ಮಾಡಿದ್ದಳು, ಇಂಗ್ಲಿಷಿನಲ್ಲಿ ಐವತ್ತೆಂಟು ಬಂದಿತ್ತು. ಆ ಐವತ್ತೆಂಟನ್ನು ಅವಳ ಅತ್ತೆ ಶಿವನಂಜಮ್ಮ ಬೀದಿಯ ಎರಡೂ ಕಡೆಯ ಮನೆಗಳಿಗೆ ಹೇಳಿ ಮುಗಿಸಿ, ಮಾರನೆಯ ದಿನ ಸೊಸೆಯನ್ನು ಒಲೆಯ ಮುಂದೆ ಕೂರಿಸಿದರು.

ಗಂಡ ಶಂಕರನಿಗೆ ಒಂದು ಕೆಲಸದಲ್ಲಿ ಕೈ ನಿಲ್ಲುತ್ತಿರಲಿಲ್ಲ. ರೇಡಿಯೋ ರಿಪೇರಿ ಮಾಡಿದ, ಹಾಡಿನ ಕ್ಯಾಸೆಟ್ ಮಾರಿದ. ತೊಂಬತ್ತೈದರಲ್ಲಿ ಮನೆಯ ಮುಂದಿನ ಕೋಣೆಗೆ ಮೂರು ಟಿವಿ ತಂದಿಟ್ಟು ‘ಶಂಕರ್ ವಿಡಿಯೋ ಗೇಮ್ಸ್’ ಅಂತ ಬೋರ್ಡು ಹಾಕಿಸಿದ. ಎರಡು ವರ್ಷ ಅದರಲ್ಲಿ ನಿಂತದ್ದೇ ಹೆಚ್ಚು. ತೊಂಬತ್ತೇಳರ ಗೌರಿಹಬ್ಬ ಕಳೆದ ವಾರ, ಕೊಯಮತ್ತೂರಿಂದ ಹೊಸ ಆಟದ ಕ್ಯಾಸೆಟ್ ತರುತ್ತೇನೆ ಎಂದು ಬ್ಯಾಗು ತಗುಲಿಹಾಕಿಕೊಂಡು ಹೊರಟ. ಲೋಟದಲ್ಲಿ ಅರ್ಧ ಕಾಫಿ ಉಳಿದಿತ್ತು. “ಮುಚ್ಚಿಡು, ಬಂದು ಕುಡೀತೀನಿ” ಅಂದ. ಕಾಫಿ ಎರಡು ದಿನ ಮುಚ್ಚಿಟ್ಟೇ ಇತ್ತು.

ಹುಬ್ಬಿನ ಮೇಲೆ ಗಾಯದ ಗುರುತಿದೆ ಎಂದು ಹೇಳಿಕೊಂಡು ಹುಡುಕಿದರು. ನೆಂಟರು ಸತ್ಯಮಂಗಲಕ್ಕೆ ಹೋಗಿಬಂದರು, ಕೊಯಮತ್ತೂರಿಗೆ ಹೋಗಿಬಂದರು. ಹೆಣ ಸಿಗಲಿಲ್ಲ, ಕಾಗದ ಬರಲಿಲ್ಲ. ಲಾರಿಗೆ ಸಿಕ್ಕಿದ ಅಂದವರಿದ್ದರು, ಯಾವಳೋ ಸಿಕ್ಕಿದಳು ಅಂದವರೂ ಇದ್ದರು. ಶಿವನಂಜಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳುತ್ತಿದ್ದರು: “ಬತ್ತನೆ.”

ಅವತ್ತಿನಿಂದ ಆ ಮನೆಯಲ್ಲಿ ಒಂದು ಮೊಳೆಯನ್ನೂ ಕೀಳುವಂತಿರಲಿಲ್ಲ. ಬಂದವನು ಕೇಳಿದರೆ? ಸುಟ್ಟುಹೋದ ಟಿವಿ ಮೂಲೆಯಲ್ಲೇ ಕೂತಿತು. ಬೋರ್ಡಿನ ‘ಶಂ’ ಉದುರಿ ಬರೀ ‘ಕರ್ ವಿಡಿಯೋ ಗೇಮ್ಸ್’ ಆದರೂ ಬಣ್ಣ ಹಚ್ಚಿಸಲು ಬಿಡಲಿಲ್ಲ.

ನನ್ನದು ಎದುರು ಮನೆ. ನನ್ನ ಯಜಮಾನರು ಎಂಬತ್ತೆಂಟರಲ್ಲೇ ತೀರಿಕೊಂಡರು. ನಾನು ಅಳಬೇಕಾದಷ್ಟು ಅತ್ತು, ತಿಥಿ ಮುಗಿಸಿ, ಬಾಗಿಲಲ್ಲಿ ಬೋಂಡದ ಬಾಣಲೆ ಇಟ್ಟುಕೊಂಡೆ. ಯಶೋದೆಗೆ ಅಳುವುದಕ್ಕೂ ಒಂದು ತಾರೀಖು ಸಿಗಲಿಲ್ಲ. ಕುಂಕುಮ ಇಟ್ಟರೆ ಒಬ್ಬರು ನೋಡುವರು, ಇಡದಿದ್ದರೆ ಇನ್ನೊಬ್ಬರು ನೋಡುವರು. ಒಂದು ದಿನ ನನ್ನ ಬಾಣಲೆಯ ಮುಂದೆ ಕೂತು, “ನಿಂದೇ ವಾಸಿ ಕಣ್ ದೊಡ್ಡವ್ವ” ಅಂದಳು. ವಿಧವೆಯನ್ನು ನೋಡಿ ಹೊಟ್ಟೆ ಉರಿದುಕೊಂಡವಳು ನಾನು ಕಂಡಂತೆ ಅವಳೊಬ್ಬಳೇ.

ಆದರೆ ಕೈಕಟ್ಟಿ ಕೂರುವವಳಲ್ಲ. ಗುಂಡಿ ಒತ್ತಿ ಆಡುವ ಆಟದ ಹಿಡಿಗಳನ್ನು ಬಿಚ್ಚಿ ತಂತಿ ಬೆಸೆಯುವುದನ್ನು ತಾನೇ ಕಲಿತಳು. ಎರಡು ಸಾವಿರದ ಒಂದರಲ್ಲಿ ಸಿ.ಡಿ. ಹಾಕುವ ಹೊಸ ಮಿಷನ್ ತರಿಸಿದಳು. ಅದರ ಜೊತೆಗೇ ಬಂತು ಆ ಮಿಲಿಟರಿ ಆಟ.

ಆಟ ಇಷ್ಟೇ. ನಮ್ಮ ಭೂಮಿಯ ಹನ್ನೆರಡು ಜನ ಸಿಪಾಯಿಗಳು ಆಕಾಶದಲ್ಲಿ ಇನ್ನೊಂದು ಗ್ರಹಕ್ಕೆ ಹೋಗುತ್ತಾರೆ. ಅಲ್ಲಿ ಎಂಟು ಕಾಲಿನ ವೈರಿಗಳು. ಹೊಡೆದಾಡಿ ಹೊಡೆದಾಡಿ ಕೊನೆಗೆ ಎಲ್ಲರೂ ತಿರುಗಿ ಆಕಾಶದ ಹಡಗು ಹತ್ತುವಾಗ, ವೈರಿ ಒಳಗೆ ನುಗ್ಗದ ಹಾಗೆ ಒಬ್ಬ ಹೊರಗೇ ನಿಂತು ಬಾಗಿಲು ಹಾಕಿಸುತ್ತಾನೆ. ಅವನು ಸಾರ್ಜೆಂಟ್. ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ ‘ಹವಲ್ದಾರ’ ಆದ.

ಆಡಲು ಬರುತ್ತಿದ್ದವರು ಮಕ್ಕಳಲ್ಲ, ಮೀಸೆ ಹೊತ್ತ ಗಂಡಸರು. ರೇಷ್ಮೆ ಹುರಿ ಮಾಡುವ ಕಾರ್ಖಾನೆಯ ನಟರಾಜು. ಹನೂರಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮಹದೇವು. ಮತ್ತೆ ಬಸ್ ಕಂಡಕ್ಟರ್ ಮುತ್ತಯ್ಯ, ಯಳಂದೂರಿನವನು, ಶಂಕರನ ಕಾಲದಿಂದಲೂ ಬರುತ್ತಿದ್ದವನು. ಈ ಮುತ್ತಯ್ಯನೇ ಬೆಂಗಳೂರಿನ ಫುಟ್‌ಪಾತಿನಿಂದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಹಿಡಿದುಕೊಂಡು ಬಂದ. ರಟ್ಟಿನ ಮೇಲೆ ಅದೇ ಹವಲ್ದಾರ, ಅದೇ ಬಂದೂಕು. ಆಟದ ಕಥೆಯನ್ನೇ ಯಾರೋ ಪುಸ್ತಕ ಮಾಡಿದ್ದರು.

ಆಗ ಸಂಜೆ ಆರರಿಂದ ಎಂಟು ಕರೆಂಟು ತೆಗೆಯುತ್ತಿದ್ದರು. ಕರೆಂಟ್ ಇದ್ದರೆ ಆಟ, ಹೋದರೆ ಪುಸ್ತಕ ಅಂತ ಆಯಿತು. ಲಾಟೀನು ಹಚ್ಚಿ ಮಹದೇವು ಒಂದೊಂದೇ ಸಾಲು ಓದುವನು. ಯಶೋದ ಡಿಕ್ಷನರಿ ಇಟ್ಟುಕೊಂಡು ಅರ್ಥ ಹೇಳುವಳು. ಹತ್ತು ವರ್ಷ ಒಲೆಯ ಮುಂದೆ ಕೂತಿದ್ದ ಐವತ್ತೆಂಟು ಮಾರ್ಕು ಎದ್ದು ಈಚೆಗೆ ಬಂತು. ಒಂದು ಅಧ್ಯಾಯಕ್ಕೆ ಒಂದು ತಿಂಗಳು ಹಿಡಿಯುತ್ತಿತ್ತು, ಯಾಕೆಂದರೆ ಒಂದು ಸಾಲು ಓದಿದರೆ ಹತ್ತು ಸಾಲು ಜಗಳ.

“ಅನ್ನೆಲ್ಡ್ ಜನ ಒಂದು ಗ್ರಹ ಕಾಯಕ್ಕಾದದಾ?” ಅಂತ ನಟರಾಜು. “ನಮ್ ರಾಮಾಪುರದ ಕಾಡು ಸುತ್ತಕ್ಕೇ ಸಾವ್ರ ಜನ ಬೇಕು.”

“ಅವ್ರ ಬಂದೂಕು ಬೇರೆ ಕಣ್ಲಾ” ಅಂತ ಮುತ್ತಯ್ಯ.

“ಬಂದೂಕು ಬೇರೆ ಆದ್ರೆ ಕಾಲು ಬೇರೆಯಾ? ನಡೀಬೇಕಲ್ಲ!”

ಬೋಂಡ ಕೊಡಲು ಹೋದ ನಾನೂ ಅಲ್ಲೇ ಕೂತುಬಿಡುತ್ತಿದ್ದೆ. ಎಣ್ಣೆ ಎಷ್ಟು ಸಲ ಸೀದಿತೋ.

ಎರಡು ಸಾವಿರದ ಮೂರನೇ ಇಸವಿ, ಶ್ರಾವಣ ಕಳೆದ ಮೇಲೆ ಕೊನೆಯ ಅಧ್ಯಾಯ ಬಂತು. ಹವಲ್ದಾರ ಹೊರಗೆ ನಿಂತ. ಬಾಗಿಲು ಮುಚ್ಚಿತು. ಒಳಗಿನವರು ವೈರ್‌ಲೆಸ್ಸಿನಲ್ಲಿ ಅವನನ್ನು ಕರೆದರು, ಸದ್ದು ಬರಲಿಲ್ಲ. ಹಡಗು ಹೊರಟುಹೋಯಿತು. ಪುಸ್ತಕ ಮುಗಿಯಿತು.

“ಇಷ್ಟೇಯಾ?” ಅಂದ ಮುತ್ತಯ್ಯ. “ಸತ್ನಾ, ಬದುಕವ್ನಾ?”

“ಬರ್ದಿಲ್ಲ” ಅಂದ ಮಹದೇವು.

“ಆಟದಲ್ಲಿ ಎರಡ್ನೇ ರೌಂಡಿಗೆ ತಿರ್ಗಾ ಬತ್ತನಲ್ಲಪ್ಪ. ಬದುಕವ್ನೆ ಅಂತಲೇ ಅರ್ಥ” ಅಂದ ನಟರಾಜು.

ಒಳಗಿನ ಕತ್ತಲಿಂದ ಶಿವನಂಜಮ್ಮನ ದನಿ ಬಂತು. ಈ ಹೆಂಗಸು ಎರಡು ವರ್ಷದಿಂದ ಪುಸ್ತಕವನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡಿದೆ ಎಂದು ನಮಗೆ ಗೊತ್ತಾದದ್ದೇ ಆಗ. “ಅಲ್ಲ, ಆ ಬಾಗ್ಲಿನ ಚಿಲಕ ಒಳಗಡಿಕಿತ್ತಾ ಒರಗಡಿಕಿತ್ತಾ?”

ಮಹದೇವು ಹಾಳೆ ತಿರುವಿ ತಿರುವಿ ನೋಡಿ, “ಚಿಲಕದ ವಿಚಾರ ಇಲ್ಲ ಕಣವ್ವ” ಅಂದ.

“ಮತ್ತೆ? ಒರಗಡಿಕಿದ್ರೆ ಅವನೇ ತಗ್ದು ಬತ್ತನೆ.”

‘ಬದುಕವ್ನೆ’ ಅನ್ನುವ ಪಾರ್ಟಿಗೆ ಶಿವನಂಜಮ್ಮನೇ ಯಜಮಾನಿಯಾದರು. ಯಶೋದ ಲಾಟೀನಿನ ಬತ್ತಿ ಇಳಿಸುತ್ತ, ತಲೆ ಎತ್ತದೆ ಹೇಳಿದಳು: “ಸತ್ತವ್ನೆ. ಬಾಗ್ಲು ಮುಚ್ಚಿದ್ ಮೇಲೆ ಆಚೆ ಇದ್ದೋನು ಸತ್ತಂಗೇ.”

ಹೆಂಡತಿಯಾದವಳು ಹೀಗೆ ಹೇಳಬಹುದಾ ಎಂದು ನಟರಾಜುವಿನ ಮುಖ ಸಪ್ಪಗಾಯಿತು. ಅವಳು ಹೇಳಿದ್ದು ಹವಲ್ದಾರನ ವಿಷಯ ಅನ್ನುವುದು ಅವನಿಗೆ ಮರೆತೇಹೋಗಿತ್ತು. ಶಿವನಂಜಮ್ಮನಿಗೂ ಮರೆತುಹೋಗಿತ್ತೋ ಏನೋ, ಆ ರಾತ್ರಿ ಉಣ್ಣದೆ ಮಲಗಿದರು.

ಅದೇ ದಿನಗಳಲ್ಲಿ ಬಸ್ ಸ್ಟ್ಯಾಂಡ್ ಎದುರು ದೊಡ್ಡಮಾದಯ್ಯನವರ ಮಳಿಗೆಯೊಂದು ಖಾಲಿಯಾಯಿತು. ಯಶೋದೆಗೆ ಅದು ಬೇಕಾಗಿತ್ತು. ನಮ್ಮ ಬೀದಿಗೆ ಜನ ಬರುವುದು ಕಡಿಮೆಯಾಗಿತ್ತು. ಕಂಪ್ಯೂಟರ್ ಇಡಲು ಅಲ್ಲಿ ಜಾಗ ಇತ್ತು. ದೊಡ್ಡಮಾದಯ್ಯನವರು ಒಳ್ಳೆಯವರು. “ಅಮಾಸೆಗಂಟ ತಡಿತೀನಿ ಕಣವ್ವ, ಆಮೇಲೆ ಬೇಕರಿಯೋರ್ಗೆ ಕೊಟ್ಬುಡ್ತೀನಿ” ಅಂದಿದ್ದರು.

ಶಿವನಂಜಮ್ಮ ಒಪ್ಪಲಿಲ್ಲ. “ಅಂಗ್ಡಿ ಅಲ್ಗೋದ್ರೆ, ನಾವೂ ಅಲ್ಲೇ ಇದ್ರೆ, ಇಲ್ಲಿ ಬೀಗ. ಬಂದೋನ್ಗೆ ಬಾಗ್ಲು ಸಿಗ್ಬ್ಯಾಡ್ವಾ?”

“ಬೋರ್ಡ್ ಬರೆಸ್ತೀನಿ ಅತ್ತೆ, ಬಸ್ ಸ್ಟ್ಯಾಂಡ್ ಎದ್ರಿಗವ್ರೆ ಅಂತ.”

“ಓದ್ಕಂಡ್ ಬರಕ್ಕೆ ಅವನೇನು ನೆಂಟನಾ?”

ಯಶೋದ ನನ್ನ ಹತ್ತಿರ ಬಂದು, “ನೀನಾದ್ರೂ ಯೋಳು ದೊಡ್ಡವ್ವ” ಅಂದಳು. ಹೇಳಿದೆ. “ವೀರಮ್ಮ, ನಿನ್ ಗಂಡನ ಎಣ ನೀನು ಕಣ್ಣಾರೆ ಕಂಡೆ. ಸುಮ್ಕಿರು” ಅಂದರು. ಬಾಣಲೆಯ ಹತ್ತಿರ ವಾಪಸು ಬಂದೆ.

ಅಮಾವಾಸ್ಯೆ ಅಂದರೆ ಮಹಾಲಯ ಅಮಾವಾಸ್ಯೆ, ನಮ್ಮ ಕಡೆ ಮಾರ್ಲಾಮಿ ಅನ್ನುತ್ತೇವೆ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಇಡುವ ದಿನ. ಕಾಗೆ ಬಂದು ಮುಟ್ಟಿದರೆ ಅವರು ಉಂಡ ಹಾಗೆ. ಶಿವನಂಜಮ್ಮ ಗಂಡನಿಗೆ, ಅತ್ತೆಮಾವನಿಗೆ ಎಡೆ ಇಡುತ್ತಿದ್ದರು. ಶಂಕರನಿಗೆ ಇಡುವ ಮಾತನ್ನು ಆರು ವರ್ಷ ಯಾರೂ ಎತ್ತಿರಲಿಲ್ಲ. ಬದುಕಿರುವವನಿಗೆ ಎಡೆ ಇಡುವುದುಂಟೇ?

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಹವಲ್ದಾರನ ಅದೇ ಹಳೇ ಜಗಳದ ನಡುವೆ, ‘ಸತ್ತವ್ನೆ’ ಅನ್ನುವ ಪಾರ್ಟಿಯ ಮುತ್ತಯ್ಯ ಅಂದ: “ನಮ್ ನಮ್ಗೇ ಯಾಕ್ರಲಾ ಕಿತ್ತಾಟ? ಮಾರ್ಲಾಮಿ ದಿನ ಹವಲ್ದಾರಂಗೆ ಒಂದೆಲೆ ಆಕವ. ಕಾಗೆ ಮುಟ್ಟುದ್ರೆ ಸತ್ತವ್ನೆ, ಮುಟ್ನಿಲ್ವಾ ಬದುಕವ್ನೆ.”

ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ಇಂಗ್ಲಿಷ್ ಓದಿದ ಮಹದೇವು ಕೂಡ, “ಅದು ನ್ಯಾಯ” ಅಂದ. ಶಿವನಂಜಮ್ಮ ಈಚೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೈಯುತ್ತಾರೆ ಅಂದುಕೊಂಡೆ. “ನಮ್ ತಾರ್ಸಿ ಮೇಲೇ ಆಕಿ. ಅದೆಂಗೆ ಮುಟ್ಟದೋ ನಾನೂ ನೋಡ್ತೀನಿ” ಅಂದರು.

ಎಲೆಗೆ ಏನು ಬಡಿಸುವುದು ಅನ್ನುವುದು ದೊಡ್ಡ ಪ್ರಶ್ನೆಯಾಯಿತು. ಸಿಪಾಯಿಗಳು ಪುಸ್ತಕದ ತುಂಬ ತಿಂದದ್ದು ಟ್ಯೂಬಿನಿಂದ ಹಿಂಡುವ ಯಾವುದೋ ಹಿಟ್ಟು. ಮಹದೇವು ಹುಡುಕಿ ಹುಡುಕಿ, ನೂರ ಹನ್ನೆರಡನೇ ಪುಟದಲ್ಲಿ ಹವಲ್ದಾರ ಒಂದು ಸಲ ‘ಪೀಚ್’ ತಿನ್ನಬೇಕು ಅಂತ ಆಸೆಪಟ್ಟದ್ದನ್ನು ಹಿಡಿದ. ಯಶೋದ ಡಿಕ್ಷನರಿ ತೆಗೆದಳು. ‘ಒಂದು ಬಗೆಯ ಹಣ್ಣು’ ಅಂತ ಬರೆದಿತ್ತು. ಕೊಳ್ಳೇಗಾಲದಲ್ಲಿ ಒಂದು ಬಗೆಯ ಹಣ್ಣು ಅಂದರೆ ಆ ಕಾಲಕ್ಕೆ ಸೀಬೆ. ಸೀಬೆಹಣ್ಣು ಅಂತ ತೀರ್ಮಾನವಾಯಿತು. ಟ್ಯೂಬಿನ ಹಿಟ್ಟಿಗೆ ಬದಲು ನಾನು ರಾಗಿ ಅಂಬಲಿ ಗಟ್ಟಿಯಾಗಿ ಕಾಯಿಸಿಕೊಟ್ಟೆ.

ಹಬ್ಬದ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಾರಸಿಯ ಮೇಲೆ ಬಾಳೆ ಎಲೆ ಹಾಸಿದೆವು. ನಟರಾಜು ಕಾರ್ಖಾನೆಗೆ ರಜ ಹಾಕಿದ್ದ. ಎಲೆಯಲ್ಲಿ ಅಂಬಲಿ, ಒಂದು ಸೀಬೆಹಣ್ಣು. ನೋಡಲು ಬಡವರ ಮನೆ ಕಾಯಿಲೆಯವನ ಊಟದ ಹಾಗಿತ್ತು. ಎಲ್ಲರೂ ಹಿಂದೆ ಸರಿದು ನಿಂತಾಗ ಶಿವನಂಜಮ್ಮ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ತಟ್ಟೆ, ಮೇಲೆ ಸೆರಗು ಮುಚ್ಚಿದ್ದರು. ಎಲೆಯ ಮುಂದೆ ಕೂತು ಒಂದೊಂದಾಗಿ ಬಡಿಸಿದರು. ಬೆಳ್ಳುಳ್ಳಿ ಹಾಕಿದ ಹಲಸಂದೆ ವಡೆ ನಾಲ್ಕು. ಸುಟ್ಟ ಬದನೆಕಾಯಿ ಗೊಜ್ಜು. ಒಂದು ಕಟ್ಟು ಬೀಡಿ. ಕೊನೆಗೆ ಒಂದು ಲೋಟದಲ್ಲಿ ಕಾಫಿ. ಅರ್ಧ ಲೋಟ.

ಯಶೋದ ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು:

“ಹವಲ್ದಾರ ಅಲಸಂದೆ ವಡೆ ತಿಂತಿದ್ನಾ ಅತ್ತೆ?”

“ಪುಸ್ತಕದಲ್ಲಿ ಬರ್ದಿಲ್ಲ ಅಂದ್ರೆ ತಿಂತಿರ್ಲಿಲ್ಲ ಅಂತಾನಾ?” ಅಂದರು ಶಿವನಂಜಮ್ಮ. “ಅಷ್ಟ್ ದೂರ ಓಗಿ ಒಬ್ಬನೇ ನಿಂತವ್ನೆ. ಒಂದ್ ವಡೆ ತಿನ್ಲಿ ಬುಡು.”

ಕಾಗೆ ಬೇಗ ಬರಲಿಲ್ಲ. ಹಬ್ಬದ ದಿನ ಊರಿನ ಎಲ್ಲಾ ತಾರಸಿಯ ಮೇಲೂ ಎಡೆ, ಅವಕ್ಕೂ ಪುರುಸೊತ್ತು ಬೇಕಲ್ಲ. ಮುಕ್ಕಾಲು ಗಂಟೆ ಆಯಿತು. ನಟರಾಜು, “ಬದುಕವ್ನೆ, ನಾನ್ ಯೋಳ್ನಿಲ್ವಾ!” ಅಂತ ಕುಣಿಯುವುದಕ್ಕೂ ಒಂದು ಮುದಿ ಕಾಗೆ ಬಂದು ಗೋಡೆಯ ಮೇಲೆ ಕೂರುವುದಕ್ಕೂ ಸರಿಹೋಯಿತು. ಕತ್ತು ಓರೆ ಮಾಡಿ ಅಂಬಲಿ ನೋಡಿತು, ಸೀಬೆಹಣ್ಣು ನೋಡಿತು. ಇಳಿದು ಬಂದು ಒಂದು ವಡೆ ಕಚ್ಚಿಕೊಂಡು ಹಾರಿಹೋಯಿತು.

“ಸತ್ತ!” ಅಂದ ಮುತ್ತಯ್ಯ.

“ಅದೆಂಗ್ಲಾ ಸತ್ತ? ವಡೆ ಪುಸ್ತಕದಲ್ಲೇ ಇಲ್ಲ. ಸೀಬೆಹಣ್ಣು ಮುಟ್ಟುತಾ? ಇಲ್ಲ. ಲೆಕ್ಕಕ್ಕಿಲ್ಲ, ನಡಿ!”

“ಕಾಗೆಗೇನು ಪುಟದ ನಂಬರ್ ಗೊತ್ತಾ?”

ಜಗಳ ಮೆಟ್ಟಿಲಿಳಿದು ಬೀದಿಗೆ ಹೋಯಿತು. ಶಿವನಂಜಮ್ಮ ಎಲೆಯ ಮುಂದೆಯೇ ಕೂತಿದ್ದರು. ಆಮೇಲೆ ಮಂಡಿ ಹಿಡಿದು ಎದ್ದು, ಸೊಸೆಗೆ ಅಂದರು: “ದೊಡ್ಡಮಾದಯ್ಯಂಗೆ ಇವತ್ತೇ ಯೋಳ್ಬುಡು. ಬೇಕ್ರಿಯೋರು ಬಂದ್ಬುಟ್ಟಾರು. ಆ ಸುಟ್ಟೋಗಿರ ಟಿವಿ ಗುಜರಿಗಾಕು.”

ಬೀದಿಯವರು ಬಿಡುತ್ತಾರೆಯೇ? ಎಡೆಯಲ್ಲಿ ಏನೇನಿತ್ತು ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಮೂಲೆಮನೆಯ ರಾಚಮ್ಮ ಬಂದು, “ಹಂಗಾರೆ ಯಶೋದೆ ಬಳೆ ತೆಗೀಬೇಕಲ್ವಾ ಶಿವನಂಜಕ್ಕ?” ಅಂತ ಮೆಲ್ಲಗೆ ಎತ್ತಿದಳು.

“ಯಾಕೆ? ಎಡೆ ಇಟ್ಟುದ್ದು ಹವಲ್ದಾರಂಗೆ” ಅಂದರು ಶಿವನಂಜಮ್ಮ. “ಅವನು ಸತ್ರೆ ನನ್ ಸೊಸೆ ಯಾಕೆ ಬಳೆ ತಗೀಬೇಕು? ಅವನ ಎಂಡ್ರು ಯಾರೋ ಅವ್ಳು ತಗೀಲಿ.”

ಹೀಗೆ ನಮ್ಮ ಬೀದಿಯಲ್ಲಿ ಒಂದು ಸಾವು ಆಗಿಯೂ ಯಾರೂ ವಿಧವೆಯಾಗಲಿಲ್ಲ. ದೀಪಾವಳಿಗೆ ಬಸ್ ಸ್ಟ್ಯಾಂಡ್ ಎದುರು ‘ಯಶೋದ ಗೇಮ್ಸ್’ ಅಂತ ಬೋರ್ಡು ಬಂತು. ನಾನೂ ಬಾಣಲೆ ಎತ್ತಿಕೊಂಡು ಅದರ ಪಕ್ಕಕ್ಕೇ ಹೋದೆ. ಶಿವನಂಜಮ್ಮ ಗಲ್ಲಾದ ಹತ್ತಿರ ಸ್ಟೂಲು ಹಾಕಿಕೊಂಡು ಯಾರಿಗೆ ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡುತ್ತಿದ್ದರು. “ಏಯ್, ನಿಂದು ಮೂರ್ ಲೈಫೂ ಮುಗೀತು, ಏಳು” ಎಂದು ಗದರುವಷ್ಟು ಕಲಿತರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಮುತ್ತಯ್ಯನನ್ನು ಕೊಯಮತ್ತೂರು ಬಸ್ಸಿಗೆ ಹಾಕಿದರು. ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ, ಬೆವರೂ ಒರೆಸಿಕೊಳ್ಳದೆ ಅಂಗಡಿಗೆ ಬಂದ. ಸತ್ಯಮಂಗಲದಲ್ಲಿ ಒಬ್ಬ ಬಸ್ಸು ಹತ್ತಿದನಂತೆ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಹುಬ್ಬಿನ ಮೇಲಿನ ಗಾಯದ ಗುರುತು ಮಾತ್ರ ಹಾಗೇ ಇದೆ. ತೊಡೆಯ ಮೇಲೆ ಒಂದು ಬಿಚ್ಚಿದ ಮಿಕ್ಸಿ. ತಮಿಳಿನಲ್ಲಿ ಟಿಕೆಟ್ ಕೇಳಿದ. ಮುತ್ತಯ್ಯ ಬೇಕೆಂದೇ ಕನ್ನಡದಲ್ಲಿ, “ಎಲ್ಲಿಗೆ ಶಂಕ್ರಣ್ಣ?” ಅಂದ. ಅವನು ಕಿಟಕಿಯ ಕಡೆ ತಿರುಗಿಕೊಂಡು ತಮಿಳಿನಲ್ಲೇ ಉತ್ತರ ಹೇಳಿ, ಮುಂದಿನ ಸ್ಟಾಪಿನಲ್ಲಿ ಇಳಿದುಹೋದ.

ನಾನು ಜಾಲರಿ ಸೌಟು ಹಿಡಿದುಕೊಂಡೇ ನಿಂತೆ. ಶಿವನಂಜಮ್ಮ ಗಡಿಯಾರದಿಂದ ಕಣ್ಣು ತೆಗೆಯದೆ ಕೇಳಿದರು: “ಇಳ್ದು ಯಾವ್ ಕಡಿಕೋದ?”

“ಆ ಕಡಿಕೇ ಕಣವ್ವ. ಈ ಕಡಿಕಲ್ಲ.”

“ಮಿಕ್ಸಿನಾ?”

“ಮಿಕ್ಸಿ.”

“ಅದ್ರಲ್ಲೂ ಕೈ ನಿಲ್ಲಕಿಲ್ಲ ಬುಡು.”

ಯಶೋದ ಆಟದ ಹಿಡಿಯೊಂದನ್ನು ಬಿಚ್ಚಿಕೊಂಡು ಕೂತಿದ್ದಳು. ಬಾಯಲ್ಲಿ ಎರಡು ತಿರುಪು ಕಚ್ಚಿಕೊಂಡಿದ್ದಳು. ಅವನ್ನು ಕೈಗೆ ಉಗುಳಿಕೊಂಡು ಮುತ್ತಯ್ಯನ ಮುಖ ನೋಡಿದಳು.

“ಅದು ಆಟದಲ್ಲಿ ಕಣ್ ಮುತ್ತಯ್ಯಣ್ಣ, ಎರಡ್ನೇ ರೌಂಡಿಗೆ ಬರೋದು” ಅಂದಳು. “ಪುಸ್ತಕದಲ್ಲಿ ಸತ್ತೋದ.”

ಮುತ್ತಯ್ಯ ‘ಸತ್ತವ್ನೆ’ ಪಾರ್ಟಿಯವನು ತಾನೇ, ಗೆದ್ದ ಹಾಗೂ ಆಯಿತು, ಸೋತ ಹಾಗೂ ಆಯಿತು. ಶಿವನಂಜಮ್ಮ ಸ್ಟೂಲಿನ ಮೇಲಿಂದ ಬಾಗಿಲ ಕಡೆ ಕೂಗಿದರು:

“ಮೂರ್ನೇ ಟಿವಿ ಖಾಲಿ ಅದೆ. ಯಾರ್ ಕುಂತ್ಕತೀರಿ?”