ಎರಡು ತುಂಡಿನ ಕೂಗು, ಮೂರು ತುಂಡಿನ ಕೂಗು

ಕುಲಗೋಡದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲ ಎಲೆ ಉಲಿಯಕ್ಕಿ ನನಗೆ ಒಂದೇ ಹಕ್ಕಿಯಾಗಿತ್ತು. ಹೆಬ್ಬೆರಳಿನಷ್ಟು ಮೈ, ಮಾಸಿದ ಹಸಿರು, ಕಣ್ಣಿನ ಮೇಲೊಂದು ತೆಳು ಗೆರೆ. ಚಳಿಗೆ ಉತ್ತರದಿಂದ ಬರುತ್ತದೆ, ಬಿಸಿಲೇರಿದರೆ ಹೋಗುತ್ತದೆ. ಅಷ್ಟು ತಿಳಿದರೆ ಸಾಕಿತ್ತು.

ಆಮೇಲೆ ಹಕ್ಕಿ ಪಂಡಿತರು ಕೂತು, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಂತೆ ಅದನ್ನು ಎರಡು ಪಾಲು ಮಾಡಿದರು. ಹೆಸರೂ ಬೇರೆ, ಜಾತಿಯೂ ಬೇರೆ. ಮೈ ನೋಡಿ ಹೇಳುವುದು ಕಷ್ಟ, ಕೂಗು ಕೇಳಬೇಕಂತೆ: ಎರಡು ತುಂಡಿನ ಕೂಗಾದರೆ ಒಂದು, ಮೂರು ತುಂಡಾದರೆ ಇನ್ನೊಂದು. ನಾನು ನಿವೃತ್ತನಾಗಿ ಯಮಕನಮರಡಿಯ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಳ್ಳುವ ಹೊತ್ತಿಗೆ ಸಣ್ಣ ದನಿಗಳೆಲ್ಲ ನನ್ನ ಕಿವಿ ಬಿಟ್ಟು ಹೋಗಿದ್ದವು. ಹೆದ್ದಾರಿಯ ಲಾರಿ ಕೇಳುತ್ತದೆ, ಹಕ್ಕಿ ಕೇಳುವುದಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡರೆ ಲಾರಿಯೇ ಇನ್ನೂ ಜೋರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ನನ್ನ ಮರಕ್ಕೆ ಬರುವುದು ಯಾವುದೆಂದು ತಿಳಿಯದೆ ಸಾಯಲು ಮನಸ್ಸಿರಲಿಲ್ಲ. ಹೆಂಡತಿಯನ್ನು ಕರೆದೆ.

“ಇಲ್ಲಿ ಕುಂದ್ರು. ಆ ಹಕ್ಕಿ ಎಷ್ಟು ತುಂಡ ಮಾಡಿ ಕೂಗತೈತಿ, ಹೇಳು.”

“ಮೂರ್ರಿ,” ಎಂದಳು.

ಚಳಿಗಾಲವಿಡೀ ಮುಂಜಾನೆ ಚಹಾ ಹಿಡಿದು ಬಂದು, ಪಕ್ಕದಲ್ಲಿ ಕೂತು, ಮೂರೇ ಎಂದಳು. ಹುಕ್ಕೇರಿಯಲ್ಲಿ ಹಕ್ಕಿ ನೋಡುವ ಗೆಳೆಯನೊಬ್ಬನಿದ್ದಾನೆ. ನಮ್ಮಲ್ಲಿಗೆ ಬರುವುದು ಮೂರು ತುಂಡಿನದೇ ಎಂದು ಅವನಿಗೆ ಫೋನು ಮಾಡಿ ಕೊಚ್ಚಿಕೊಂಡೆ.

ಕಾರಹುಣ್ಣಿಮೆ ಬಂತು, ಮಳೆ ಬರಲಿಲ್ಲ. ಸೆಕೆಗೆ ಸಾಕಾಗಿ ಸುಮ್ಮನೆ ಮರದ ಕೆಳಗೆ ಕೂತಿದ್ದೆ. ಉಲಿಯಕ್ಕಿಗಳು ಊರು ಬಿಟ್ಟು ತಿಂಗಳ ಮೇಲಾಗಿತ್ತು. ಹೆಂಡತಿ ಚಹಾ ಕೊಡುತ್ತ ತಾನಾಗಿಯೇ ಅಂದಳು, “ಇವತ್ತೂ ಮೂರ ಕೂಗಿತ್ರಿ.”

ನಾನು ಲೋಟ ಕೆಳಗಿಟ್ಟೆ. “ಹಕ್ಕಿ ಹೋಗಿ ಯಾವ ಕಾಲ ಆತು. ಖರೆ ಹೇಳು, ನಿನಗ ಕೇಳತೈತೇನು?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಇಲ್ರಿ. ನನಗೂ ಸಣ್ಣ ದನಿ ಕೇಳೂದ ನಿಂತು ಭಾಳ ದಿನ ಆತು.”

“ಮತ್ತ ಮೂರು ಅಂತ ಯಾಕ ಹೇಳಿದಿ?”

“ನೀವು ಸಾಲಿ ಬಿಟ್ಟ ಮ್ಯಾಗ ನನ್ನ ಬಾಜೂ ಕುಂದ್ರು ಅಂದಿದ್ದು ಇದೊಂದಕ್ಕ. ಕೇಳಂಗಿಲ್ಲ ಅಂದಿದ್ರ ಬ್ಯಾರೇ ಯಾರನ್ನರ ಕರೀತಿದ್ರಿ.”

ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಆಮೇಲೆ ನಾಚಿಕೆಯಾಯಿತು. ಹುಕ್ಕೇರಿಗೆ ಫೋನು ಮಾಡಿ, ನಮ್ಮ ಹಕ್ಕಿ ಯಾವುದೋ ಗೊತ್ತಿಲ್ಲ ಎಂದು ಹೇಳಿದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೊರಟಿದ್ದಳು.

“ಕುಂದ್ರು,” ಎಂದೆ.

“ಹಕ್ಕಿ ಇಲ್ಲಲ್ರಿ.”

“ಗೊತ್ತೈತಿ. ನೀ ಕುಂದ್ರು.”