ವಿಶಾಲಮ್ಮನ ಪಾಯ

ಗಂಡಸಿ ಊರಿನ ಹತ್ತಿರ, ನಮ್ಮ ತೋಟದ ಬೇಲಿಯಾಚೆ ವಿಶಾಲಮ್ಮನಿಗೊಂದು ಮನೆಯಿತ್ತು. ಮನೆಯೆಂದರೆ ತೆಂಗಿನ ಮರಗಳ ನಡುವೆ ಬರೀ ಕಾಂಕ್ರೀಟ್ ಪಾಯ. ಮದುವೆಯಾದ ಹೊಸತರಲ್ಲಿ ಗಂಡ ಕಲ್ಲೇಶಪ್ಪ ಹಾಕಿಸಿದ್ದು. ಅಷ್ಟರಲ್ಲಿ ಮಾವ ಅಡ್ಡಬಂದರು: “ನಾನಿರೋಗಂಟ ಈ ಮನೇಲಿ ಒಲೆ ಎರಡಾಗಕೂಡ್ದು.” ಕಲ್ಲೇಶಪ್ಪ ತುಟಿ ಬಿಚ್ಚಲಿಲ್ಲ. ಮಾವ ನೂರರ ಹತ್ತಿರ ಬಾಳಿದರು, ಪುಣ್ಯಾತ್ಮ! ಅವರು ಹೋಗುವಷ್ಟರಲ್ಲಿ ಸೊಸೆಯ ತಲೆಯೇ ನೆರೆತಿತ್ತು. “ಇನ್ಯಾಕೆ ಬಿಡು ಮನೆ” ಎಂದ ಗಂಡ. ಆ ಜಾಗದಲ್ಲಿ ನಾನಿದ್ದಿದ್ದರೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅವಳು ಮಾತ್ರ ಸಂಜೆಯಾದರೆ ಆ ಪಾಯದೊಳಗೆ ಓಡಾಡುತ್ತಿದ್ದಳು. ಗರಿಗಳ ಸಂದಿಯಿಂದ ಬಿಸಿಲು ಜಾರಿ ಹುಲ್ಲೆಲ್ಲ ಹೊಂಬಣ್ಣವಾಗುವ ಹೊತ್ತು. ಇದು ನಡುಮನೆ, ಇದು ದೇವರ ಕೋಣೆ, ಇಲ್ಲಿ ಕಿಟಕಿ, ಕಿಟಕಿಯಾಚೆ ಮಲ್ಲಿಗೆ ಬಳ್ಳಿ. ಕಣ್ಣು ಅರೆಮುಚ್ಚಿ ಅವಳು ಹೇಳುತ್ತಿದ್ದರೆ ನನಗೂ ಒಗ್ಗರಣೆಯ ವಾಸನೆ ಬಂದಂತಾಗುತ್ತಿತ್ತು. ಒಮ್ಮೆ ನಾನು ಸೀದಾ ಹೊಕ್ಕಾಗ ಗದರಿದಳು: “ಏ ಲತಾಮಣಿ, ಗೋಡೆ ಒಳಗೇ ನುಗ್ತೀಯಲ್ಲೇ! ಬಾಗ್ಲು ಅಲ್ಲೈತೆ.” ಏನು ಮಾಡಲಿ, ಸುತ್ತಿಕೊಂಡು ಬಂದೆ.

ಹೋದ ವರ್ಷ ಕಲ್ಲೇಶಪ್ಪ, ಪಾಯ ಕಿತ್ತು ತೆಂಗಿನ ಸಸಿ ಇಡುತ್ತೇನೆಂದು ಜೆಸಿಬಿ ಕರೆಸಿದ. ವಿಶಾಲಮ್ಮ ಪಾಯದ ಮೇಲೆ ಕೂತುಬಿಟ್ಟಳು.

“ಮನೆ ಬ್ಯಾಡ. ಕೂರಕ್ಕೊಂದು ಕಟ್ಟೆ ಕಟ್ಸಿ, ಸಾಕು. ಇದನ್ನ ಕಿತ್ರೆ ನನ್ನನ್ನೂ ಕಿತ್ತಾಕಿ.”

ಅವಳು ಅಲುಗಲಿಲ್ಲ. ಜೆಸಿಬಿ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಯಿತು.

ಕಲ್ಲೇಶಪ್ಪ ಮಣಿದ. ಗಾರೆ ಕೆಲಸದ ಗಿಡ್ಡಯ್ಯ ಪಾಯದುದ್ದಕ್ಕೂ ಮೊಣಕಾಲೆತ್ತರ ಇಟ್ಟಿಗೆ ಕಟ್ಟಿ, ಮೇಲೆ ಕಡಪ ಕಲ್ಲು ಹಾಸಿ, ನಡುವೆ ಮರಳು ಹರಡಿದ. ಅಡಿಗೆಮನೆಯಾಗಬೇಕಿದ್ದ ಮೂಲೆಯನ್ನು ಖಾಲಿ ಬಿಡಿಸಿಕೊಂಡಳು ವಿಶಾಲಮ್ಮ. ಕಟ್ಟೆ ಮುಗಿದ ಬೆಳಿಗ್ಗೆ ಮಂಜು ಇನ್ನೂ ಮರಗಳ ನಡುವೆ ತೇಲುತ್ತಿರುವಾಗಲೇ ಅಲ್ಲಿ ಮೂರು ಕಲ್ಲಿಟ್ಟು, ಹಾಲುಕ್ಕಿಸಲು ಕೂತಳು.

“ಕಟ್ಟೆಗೆಲ್ಲಾ ಯಾರಾದ್ರೂ ಗೃಹಪ್ರವೇಶ ಮಾಡ್ತಾರೇನೇ? ಊರೋರು ನಗ್ತಾರೆ” ಎಂದು ಕಲ್ಲೇಶಪ್ಪ ದೂರದಲ್ಲಿ ಮರಕ್ಕೊರಗಿ ನಿಂತ. ನಕ್ಕರೆ ನಗಲಿ ಬಿಡಿ! ಹೊಸ ಒಲೆಯ ಮೇಲೆ ಹಾಲು ಉಕ್ಕದೆ ಯಾವ ಮನೆಯೂ ಮನೆಯಾಗದು.

ಆದರೆ ಗಾಳಿ ಎದ್ದಿತು. ಹೊತ್ತಿಸಿದಂತೆಲ್ಲ ಉರಿ ಆರಿತು. ನಾನು ಸೆರಗು ಅಡ್ಡ ಹಿಡಿದೆ, ಉಪಯೋಗವಾಗಲಿಲ್ಲ. ಊದಿ ಊದಿ ಸೋತ ವಿಶಾಲಮ್ಮ ಪಾತ್ರೆಯನ್ನೇ ನೋಡುತ್ತಾ ಅತ್ತುಬಿಟ್ಟಳು.

ಕಲ್ಲೇಶಪ್ಪ ಬಂದ. ಹೊದ್ದಿದ್ದ ಕಂಬಳಿಯನ್ನು ಎರಡೂ ತೋಳಲ್ಲಿ ಅಗಲಿಸಿ, ಗಾಳಿಗೆ ಬೆನ್ನು ಕೊಟ್ಟು ಅವಳ ಪಕ್ಕ ನಿಂತ. ಉರಿ ನೆಟ್ಟಗಾಯಿತು. ತೋಳು ಸೋತರೂ ಇಳಿಸಲಿಲ್ಲ.

“ಅವತ್ತು ಅಪ್ಪನ ಮುಂದೆ ಹಿಂಗೆ ನಿಂತ್ಕೋಬೇಕಿತ್ತು ಕಣೇ” ಎಂದ.

ವಿಶಾಲಮ್ಮ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಹಾಲು ನೊರೆನೊರೆಯಾಗಿ ಉಕ್ಕಿ ಮೂರೂ ಕಲ್ಲಿನ ಮೇಲೆ ಹರಿಯಿತು. ಲೋಟಕ್ಕೆ ಬಗ್ಗಿಸಿ ಅವನತ್ತ ಚಾಚಿದಳು.

“ಕಂಬಳಿ ಇಳಿಸಿ ಸಾಕು. ನಮ್ಮನೇಲಿ ಮೊದ್ಲು ನೀವು ಕುಡೀರಿ.”